ಕ್ಯಾಂಪಸ್ ಹಸಿರು ಮಾಡೋ ಕೆಲಸ ನನ್ನ ತಲಿಮ್ಯಾಲೆ ಬಂದದ, ಅನುಭವ ಇದ್ದವರು ಹೇಳ್ರಿ

ಎಂಎಸ್ಸಿ ಹುಡುಗಿ: ಎಲ್ಲಾರಿಗೂ ನಮಸ್ಕಾರ. ವಿಜಯಪುರದ ಹೊರವಲಯದಾಗ ನಮ್ಮ ಕ್ಯಾಂಪಸ್ ಅದ. ಹೊಸದಾಗಿ ಒಂದು ಹಸಿರು ಸಮಿತಿ ಮಾಡಿ ವಿದ್ಯಾರ್ಥಿಗಳ ಕಡಿಂದ ನನ್ನ ಹೆಸರು ಬರದಾರ. ಕೈಯಾಗ ಇರೋದು 40,000 ರೂಪಾಯಿ, ಮಾರ್ಚ್ ಒಳಗ ಬಿಲ್ ಹಚ್ಚಬೇಕು. ಹಾಸ್ಟೆಲ್ಲಿನ್ಯಾಗ 280 ಮಂದಿ. ನೆಲ ಅರ್ಧ ಕರೇ ಎರಿ ಮಣ್ಣು, ಅರ್ಧ ಕಲ್ಲಿನ ಮಡ್ಡಿ. ಗಿಡ ಹಚ್ಚೋದೋ, ಮೆಸ್ಸಿನ ಮುಸುರಿಯಿಂದ ಗೊಬ್ಬರ ಮಾಡೋದೋ, ಮಳಿ ನೀರು ಹಿಡಿಯೋದೋ? ಒಂದ ಒಂದು ಮಾಡೋದಾದ್ರ ಯಾವುದು?

ತೆಗ್ಗು ತೋಡಿದಾಂವ: ತಂಗಿ, ಏನರೆ ಮಾಡು, ಜೂನ್ 5ಕ್ಕ ಗಿಡ ಹಚ್ಚಾಕ ಹೋಗಬ್ಯಾಡ. ಪರಿಸರ ದಿನಾಚರಣಿ ಅಂತ ನಾವು 400 ಸಸಿ ಹಚ್ಚಿದ್ವಿ. ಲೆಕ್ಕ ನನ್ನ ಡೈರ್ಯಾಗ ಇನ್ನೂ ಅದ. ಜೆಸಿಬಿ ತಾಸಿಗೆ 1,100ರಂಗ 9 ತಾಸು, 9,900. ಸಸಿ ತಂದ ಟಂಟಂಗೆ 1,800. ಶಾಲು, ಹಾರ, ಶಿರಾ-ಉಪ್ಪಿಟ್ಟು ಸೇರಿ 6,350. ಪರಿಸರ ದಿನದ ಬ್ಯಾನರು ಪ್ಲಾಸ್ಟಿಕ್ ಫ್ಲೆಕ್ಸಿನ್ಯಾಗ, ಅದಕ್ಕ 2,400. ಯಾರಿಗೂ ನಗು ಬರಲಿಲ್ಲ.

ನಮ್ಮ ಜಿಲ್ಲಾದಾಗ ಜೂನ್ ಮಳಿ ನಂಬಿ ಯಾರರೆ ಕೆಡ್ತಾರೇನು? ಇಲ್ಲಿ ಹೆಚ್ಚಿನ ಮಳಿ ಬೀಳೋದು ಸೆಪ್ಟೆಂಬರದಾಗ. ಜುಲೈ ಪೂರ್ತಿ ಬರೇ ಗಾಳಿ. ಟ್ಯಾಂಕರ್ 500ರಂಗ 23 ಸಲ ತರಿಸಿದ್ವಿ, ಅದಾ 11,500 ಆತು. ಕಡಿ ನಾಕು ಟ್ಯಾಂಕರ್ ನನ್ನ ಫೆಲೋಶಿಪ್ ರೊಕ್ಕದಾಗ. ಎರಿ ಮಣ್ಣು ಒಣಗಿ ಬಾಯಿ ಬಿಟ್ಟಿತ್ತು, ಬಿರುಕಿನ್ಯಾಗ ಅಂಗೈ ಹೋಗ್ತಿತ್ತು. ಹಾಕಿದ ನೀರು ಬೇರಿಗೆ ಮುಟ್ಟದ ಕೆಳಗ ಇಳದು ಹೋಗ್ತಿತ್ತು.

ಡಿಸೆಂಬರಿನ್ಯಾಗ ಎಣಿಸಿದ್ರ 61 ಉಳದಿದ್ದು. ಸತ್ತದ್ದು ಒಂದು ಕಿತ್ತಿ ನೋಡಿದೆ. ಬೇರಿನ ಸುತ್ತ ನರ್ಸರಿಯ ಕರೇ ಚೀಲ ಹಂಗ ಇತ್ತು. ಇನ್ನೊಂದು ಕಿತ್ತಿದೆ, ಅದಕ್ಕೂ. ಫೋಟೋದ ಗಡಿಬಿಡಿಯಾಗ ಚೀಲ ಹರಿಯದ ಇಟ್ಟು ಮಣ್ಣು ಎಳದಾರ. ಬೇರು ಚೀಲದೊಳಗ ಸುತ್ತಿ ಸುತ್ತಿ ಸಿಂಬಿ ಆಗಿತ್ತು. ಅವತ್ತು ಸಿಟ್ಟಿಗೆ ಊಟಾ ಮಾಡಲಿಲ್ಲ ನಾ.

ಬೆಳಗಾವಿ ಸೈಕಲ್: ನಮ್ಮಲ್ಲಿ ಹಚ್ಚಿದ 250ರಾಗ ಒಂದೂ ಸತ್ತಿಲ್ಲ. ಪ್ರತಿ ಗಿಡಕ್ಕ ಇಬ್ಬರು ಎನ್ಎಸ್ಎಸ್ ಹುಡುಗರನ್ನ ಹಚ್ಚಿದ್ವಿ. ಅವರು ವರ್ಷಕ್ಕ 120 ತಾಸು ಕೆಲಸ ತೋರಿಸಬೇಕಲ್ಲ, ಅದನ್ನ ಇದಕ್ಕ ಬಳಸಿದ್ವಿ. ನೆಟ್ಟಗ ಯೋಜನಾ ಹಾಕಿದ್ರ ಯಾವುದೂ ಸಾಯೂದಿಲ್ಲ. ತಪ್ಪು ಮಳೀದಲ್ಲ, ಮಾಡಿದವರದು.

ತೆಗ್ಗು ತೋಡಿದಾಂವ: ಬೆಳಗಾವ್ಯಾಗ ಕುಂತು ಮಳಿ ಬಗ್ಗೆ ಭಾಷಣಾ ಮಾಡಬ್ಯಾಡ್ರಿ ಸರ್. ನಿಮಗ ಪಡವಲಕಡೆ ಘಟ್ಟದ ಮಳಿ ಮನಿ ಬಾಗಲಕ್ಕ ಬರ್ತದ. ಕೊಡಿ ನೆಟ್ಟರೂ ಚಿಗೀತದ ನಿಮ್ಮಲ್ಲಿ. ಒಂದು ಬ್ಯಾಸಗಿ ನಮ್ಮ ಜಿಲ್ಲಾದ ಇಂಡಿ ಕಡೆ ಬಂದು ಒಂದು ಹೊಂಗೆ ಬದುಕಿಸಿ ತೋರಸ್ರಿ, ನಿಮ್ಮ ಕಾಲು ಮುಗೀತೀನಿ. ಅಂದಂಗ ನೀವು ಹಚ್ಚಿದ ಗಿಡ ಯಾವು?

ಬೆಳಗಾವಿ ಸೈಕಲ್: ಕಾಂಪೌಂಡ್ ಗುಂಟ ಕೊನೊಕಾರ್ಪಸ್. ಎರಡ ವರ್ಷದಾಗ ಎರಡಾಳು ಎತ್ತರ.

ತೆಗ್ಗು ತೋಡಿದಾಂವ: ಹಂಗಾರ ಸಾಯೂದು ಹೆಂಗ! ಅದನ್ನ ಗುಜರಾತದಾಗ 2023ರಾಗ ಹಚ್ಚಬ್ಯಾಡ್ರಿ ಅಂತ ನಿಷೇಧ ಮಾಡ್ಯಾರ. ಬೇರು ಪೈಪ್‌ಲೈನಿನ್ಯಾಗ ಹೊಗ್ತದ, ಹೂವಿನ ಪುಡಿಗೆ ಮಂದಿಗೆ ಸೀನು, ದಮ್ಮು. ಗುಬ್ಬಿ ಸುದ್ದಾ ಕೂಡೂದಿಲ್ಲ ಅದರಾಗ. ಹಸಿರು ಗ್ವಾಡಿ ಕಟ್ಟೀರಿ ನೀವು, ಗಿಡ ಹಚ್ಚಿಲ್ಲ.

ಬೆಳಗಾವಿ ಸೈಕಲ್: 400ರಾಗ 339 ಕೊಂದವರು ನನಗ ಗಿಡದ ಪಾಠ ಹೇಳಬೇಕಾತೇನು?

ಗೊಬ್ಬರಗುಂಡಿ ಅಕ್ಕ: ನಿಮ್ಮಿಬ್ಬರ ಜಗಳ ಆಕಡೆ ಇಟ್ಕೋರಿ. ತಂಗಿ, ಗೊಬ್ಬರ ಮಾಡು. ಬಾಗಲಕೋಟೆ ಕಡೆ ಒಂದು ಹಾಸ್ಟೆಲ್ಲಿನ್ಯಾಗ ನಾ ಎರಡು ವರ್ಷ ಮಾಡೀನಿ, ನಾರೋದರಿಂದ ಹಿಡದು ಎಲ್ಲಾ ನೋಡೀನಿ.

ಮೊದಲಿನ ಮೂರು ತಿಂಗಳು ಬರೇ ಮುಸುರಿ ಸುರುವಿದ್ವಿ. ಅನ್ನ, ಸಾರು, ಮಜ್ಜಿಗಿ ಎಲ್ಲಾ ಒಂದ ಕಡೆ. ಹುಳಾ ಆದವು, ನೊಣಾ ಆದವು. ಎರಡನೇ ಮಹಡಿ ಹುಡಗ್ಯಾರು ಕಿಡಕಿ ತಗಿಯೂದು ಬಿಟ್ಟರು. ಒಂದು ರಾತ್ರಿ ಹಂದಿ ಬಂದು ಜಾಳಿಗಿ ಮುರದು ಅಂಗಳದ ತುಂಬ ಹರಡಿ ಹೋದವು. ಮುಂಜಾನೆ ವಾರ್ಡನ್ ಮ್ಯಾಡಮ್ಮು ನನ್ನ ಕೈಯಾಗ ಕಸಬರಗಿ ಕೊಟ್ಟು ಎದುರಿಗೆ ನಿಂತ್ರು. ನಾನೂ ಬಳದೆ. ಅತ್ತಕೋತ ಬಳದೆ.

ಆಮ್ಯಾಲೆ ತಿಳೀತು, ಹಸಿ ಒಂದ ಇದ್ರ ಕೊಳೀತದ, ಒಣಾದು ಕೂಡಿದ್ರ ಮಾಗ್ತದ. ಇಂಗಾಲ ಮೂವತ್ತು, ಸಾರಜನಕ ಒಂದು, ಅಷ್ಟರ ಸುತ್ತ ಇರಬೇಕು ಅಂತಾರ. ನಮ್ಮ ಲೆಕ್ಕದಾಗ ಒಂದು ಬಕೀಟು ಮುಸುರಿಗೆ ಮೂರು ಬುಟ್ಟಿ ಒಣ ಎಲಿ, ಮ್ಯಾಲೆ ಒಂದು ಬೊಗಸಿ ಹೆಂಡಿ ನೀರು. ಮಾಲಿ ಕಾಕಾ ದಿನಾ ಸಂಜಿಕೆ ಸುಡತಿದ್ದ ಎಲಿ ಎಲ್ಲಾ ಇಲ್ಲಿ ಬಂತು, ಹೊಗಿ ನಿಂತಿತು. ಏಳನೇ ದಿನ ಕಬ್ಬಿಣದ ಸಳಿ ನಡುವ ಚುಚ್ಚಿ ಹತ್ತು ನಿಮಿಷ ಬಿಟ್ಟು ಹಿರದೆ. ಹಿಡಿಯಾಕ ಆಗಲಿಲ್ಲ, ಅಷ್ಟು ಸುಡತಿತ್ತು. ಚಳಿಗಾಲದ ಮುಂಜಾನೆ ಗುಂಡಿಯಿಂದ ಹಬಿ ಏಳೂದು ನೋಡಾಕ ಹುಡಗ್ಯಾರು ಇಳದು ಬರ್ತಿದ್ರು.

ಖರ್ಚು: ಇಟ್ಟಂಗಿ 600, ಒಂದಕ್ಕ 9ರಂಗ 5,400. ಗೌಂಡಿ ಎರಡ ದಿನ 1,800. ಹಂದಿ ಮುರದ ಮ್ಯಾಲೆ ಗಟ್ಟಿ ಜಾಳಿಗಿ 1,150. ಗಂಬೂಟು ಎರಡ ಜೋಡಿ 900, ಅದರಾಗ ಒಂದು ಜೋಡಿ ಕಳುವಾತು. ಮುಸುರ್ಯಾಗಿನ ಮಸಾಲಿ ಪಾಕೀಟು, ಕ್ಯಾರಿಬ್ಯಾಗ್ ಆರಸೂದ ದೊಡ್ಡ ಕೆಲಸ. ನಮ್ಮ ರಾಜ್ಯದಾಗ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ ಆಗಿದ್ದು 2016ರಾಗ. ನಮ್ಮ ಗುಂಡಿಗೆ ಆ ಸುದ್ದಿ ಯಾರೂ ಹೇಳಿದಂಗಿಲ್ಲ.

ಕಡಿಗೆ ಏನಾತು ಅಂದ್ರ ಮೆಸ್ಸಿನ ಗುತ್ತಿಗಿ ಬದಲಾತು. ಹೊಸಾಂವ ಮುಸುರಿನ ತಿಂಗಳಿಗೆ 1,500ಕ್ಕ ಎಮ್ಮಿ ಸಾಕೋರಿಗೆ ಮಾರಿದ. ಗುಂಡಿ ಖಾಲಿ ಬಿತ್ತು. ಈಗ ಅದರಾಗ ಮುರದ ಖುರ್ಚಿ ಇಟ್ಟಾರ.

ಎಮ್ಮಿ ಮಾಲಕ: ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ, ಅಂವ ಮಾಡಿದ್ದ ಖರೆ. ಎಮ್ಮಿ ತಿನ್ನೋ ಅನ್ನಾನ ಹುಳಕ್ಕ ಹಾಕೂದು ಯಾವ ಪರಿಸರ? ಎಮ್ಮಿ ತಿಂದ್ರ ಹಾಲು ಕೊಡ್ತದ, ಮ್ಯಾಲೆ ಹೆಂಡೀನೂ ಕೊಡ್ತದ. ಗೊಬ್ಬರ ಪುಕ್ಕಟೆ.

ಗೊಬ್ಬರಗುಂಡಿ ಅಕ್ಕ: ಮಸಾಲಿ ಪಾಕೀಟೂ ಎಮ್ಮೀನ ತಿನ್ನಬೇಕೇನ್ರಿ?

ದನದ ಡಾಕ್ಟರ್ ಆಗಾಂವ: ಸುಮ್ನ ಓದ್ಕೋತ ಇದ್ದೆ, ತಡಿಲಿಲ್ಲ. ಒಮ್ಮೆಲೆ ಅನ್ನ ಹೆಚ್ಚಾದ್ರ ಎಮ್ಮಿ ಹೊಟ್ಟ್ಯಾಗ ಹುಳಿ ಏಳ್ತದ, ಮೇವು ಬಿಡ್ತದ, ಜೀವಾನೂ ಹೋಗಬಹುದು. ಮದವಿ ಸೀಜನ್ನಿನ್ಯಾಗ ಇಂಥಾ ಕೇಸು ಬರ್ತಾವ. ಒಣ ಮೇವಿನ ಜೋಡಿ ತುಸು ತುಸು ಹಾಕಬೇಕು.

ಎಮ್ಮಿ ಮಾಲಕ: ನಮ್ಮಪ್ಪನ ಕಾಲದಿಂದ ಎಮ್ಮಿ ಸಾಕೀವಿ, ನೀ ನಿನ್ನೆ ಕಾಲೇಜಿಗೆ ಹೋದಾಂವ.

ನಿವೃತ್ತ ಎಂಜಿನಿಯರ್: ಎಲ್ಲರೂ ಮೂಲ ವಿಷಯ ಬಿಟ್ಟಿದ್ದೀರಿ. ವಿಜಯಪುರಕ್ಕೆ ಬೇಕಾದದ್ದು ನೀರು. 1651ರಲ್ಲಿ ಸುಲ್ತಾನ ಮಹಮ್ಮದ್ ಆದಿಲ್ ಶಾ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿ, ಮಣ್ಣಿನ ಕೊಳವೆಯಲ್ಲಿ ಊರೊಳಗೆ ನೀರು ತಂದ. ಕೊಳವೆಯ ಒತ್ತಡ ಇಳಿಸಲು ನಡುನಡುವೆ ಗಂಜ್ ಎಂಬ ಗೋಪುರಗಳು. ನಾವು ಅದರ ಪಕ್ಕದಲ್ಲೇ ಟ್ಯಾಂಕರ್‌ಗೆ ಕೊಡ ಹಿಡಿದು ನಿಂತಿದ್ದೇವೆ. ಲೆಕ್ಕ ಸರಳ: 100 ಚದರ ಮೀಟರ್ ಮಾಳಿಗೆಗೆ 600 ಮಿಲಿಮೀಟರ್ ಮಳೆ ಬಿದ್ದರೆ 60,000 ಲೀಟರ್. ಆವಿ, ಸೋರಿಕೆ ಕಳೆದರೂ 48,000 ಕೈಗೆ ಸಿಗುತ್ತದೆ.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಒಂದು ಆಡಳಿತ ಕಟ್ಟಡಕ್ಕೆ ನಾನೇ ನಕ್ಷೆ ಹಾಕಿಕೊಟ್ಟೆ. ಗುತ್ತಿಗೆದಾರ ಇಳಿಜಾರನ್ನು ಉಲ್ಟಾ ಕೊಟ್ಟ. ಮೊದಲ ದೊಡ್ಡ ಮಳೆಗೆ ನೀರು ಕೊಳವೆಗೆ ಹೋಗುವ ಬದಲು ದಾಖಲೆ ಕೋಣೆಗೆ ಇಳಿಯಿತು. ಮರುವರ್ಷ 14,000 ಕೊಟ್ಟು ಗಚ್ಚು ಒಡೆದು ಸರಿಪಡಿಸಿದರು. ಆಮೇಲೆ ಪಾರಿವಾಳದ ಕಾಟ. ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ಕವಾಟವನ್ನು ಯಾರೂ ತೆರೆಯುವುದಿಲ್ಲ, ಹಿಕ್ಕೆಯೆಲ್ಲ ನೇರ ಟಾಕಿಗೆ. ಆದರೂ ನಾಲ್ಕು ವರ್ಷದಿಂದ ಆ ಕಟ್ಟಡದ ಶೌಚಾಲಯಕ್ಕೆ ಮಳೆಗಾಲದಲ್ಲಿ ಟ್ಯಾಂಕರ್ ಬಂದಿಲ್ಲ. ಆ ನಕ್ಷೆಯಲ್ಲಿ ನನ್ನ ಸಹಿ ಇದೆ.

ತೆಗ್ಗು ತೋಡಿದಾಂವ: ಸರ್, 40,000ದಾಗ ಮಾಳಿಗಿ ನೀರು, ಕೊಳವಿ, ಸೋಸೂದು, ಟಾಕಿ ಎಲ್ಲಾ ಆಗ್ತದೇನ್ರಿ? ಟಾಕಿ ಒಂದಕ್ಕ ಅದು ಮುಗೀತದ.

ನಿವೃತ್ತ ಎಂಜಿನಿಯರ್: ಟಾಕಿ ಯಾಕೆ? ಬತ್ತಿದ ಬೋರಿನ ಸುತ್ತ ಗುಂಡಿ ತೋಡಿ ಜಲ್ಲಿ ತುಂಬಿ, ನೀರು ಇಂಗಿಸಿ. ಟಾಕಿ ಬೇಕೇಬೇಕು ಎಂದು ನಾನು ಎಲ್ಲಿ ಹೇಳಿದೆ? ಪೂರ್ತಿ ಓದದೆ ಉತ್ತರ ಕೊಡುವುದು ಇಲ್ಲಿ ಚಟವಾಗಿದೆ.

ಬೆಳಗಾವಿ ಸೈಕಲ್: ಹಿಕ್ಕಿ ಎಲ್ಲಾ ಟಾಕಿಗೆ ಹೋಗ್ತದ ಅಂತ ನೀವಾ ಬರದೀರಿ ಸರ್, ಮ್ಯಾಲೆ ನೋಡ್ರಿ.

ಗೊಬ್ಬರಗುಂಡಿ ಅಕ್ಕ: ಕೊನೊಕಾರ್ಪಸ್ಸಿನ ಉತ್ತರ ಇನ್ನೂ ಬರಲಿಲ್ಲ ನಿಮ್ಮ ಕಡಿಂದ.

ಬೆಳಗಾವಿ ಸೈಕಲ್: ಅವು ನಾ ಆರಿಸಿದ್ದಲ್ಲ ಅಕ್ಕಾರ. ಕಾಲೇಜಿಗೆ ದರ್ಜೆ ಕೊಡೋ ನ್ಯಾಕ್ ತಂಡ ಬರೋದಿತ್ತು, ಅಷ್ಟರಾಗ ಹಸಿರು ಕಾಣಬೇಕು ಅಂದ್ರು. ಜಲ್ದಿ ಬೆಳಿಯೂದು ಅದೊಂದ ಸಿಕ್ಕಿತು. ನಾ ಬೇವು ಅಂದಿದ್ದೆ. ಹೋದ ತಿಂಗಳು ಕಾಂಪೌಂಡ್ ಗ್ವಾಡಿ ಸೀಳಿದ್ದೂ ಖರೆ. ಸಾಕಾತೇನು?

ಎಂಎಸ್ಸಿ ಹುಡುಗಿ: ಎಲ್ಲಾರಿಗೂ ಧನ್ಯವಾದ. ನನ್ನ ಪ್ರಶ್ನೆಗೆ ಉತ್ತರ ಎಲ್ಲದ ಅಂತ ಎರಡ ಸಲ ಓದಿದೆ. ಅಕ್ಕಾರು ಹೇಳಿದ್ದು ಕೇಳಿ ನಿನ್ನೆ ರಾತ್ರಿ ಮೆಸ್ಸಿನ ಮುಸುರಿ ತೂಕಾ ಮಾಡಿಸಿದೆ. 31 ಕೆಜಿ ಬಂತು, ಅದರಾಗ ಅನ್ನ ಒಂದ 19. ಒಣ ಎಲಿ ಮಾಲಿ ಕಡೆ ರಾಶಿ ಅದ, ಸುಡಬ್ಯಾಡ್ರಿ ಅಂತ ಹೇಳಿ ಬಂದೀನಿ. ಗುತ್ತಿಗಿ ಯಾವಾಗ ಮುಗೀತದ ಅಂತ ಕೇಳಿದ್ದಕ್ಕ ಮೆಸ್ಸಿನವರು ಮಾರಿ ಕೆಡಿಸಿಕೊಂಡ್ರು.

ಎಮ್ಮಿ ಮಾಲಕ: 19 ಕೆಜಿ ಅನ್ನ? ತಂಗಿ, ನಿಮ್ಮ ಕ್ಯಾಂಪಸ್ ಯಾವ ರೋಡಿಗೆ ಬರ್ತದ?