ಸಹಾಯ ಬೇಕು: ಪೆಪ್ಲೋಸ್‌ಗೆ ತಕ್ಕ ಬಟ್ಟೆ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡ ಗ್ರೀಕ್ ದುರಂತ ನಾಟಕವೊಂದನ್ನು ಆಡುತ್ತಿದೆ. ಮೇಳದ ಎಂಟು ಹೆಣ್ಣುಮಕ್ಕಳಿಗೆ ಪೆಪ್ಲೋಸ್ ಉಡಿಸಬೇಕು. ಅಥೆನ್ಸಿನ ಎರೆಕ್ಥೆಯಾನ್ ಗುಡಿಯಲ್ಲಿ ಕಂಬವಾಗಿ ನಿಂತ ಕನ್ಯೆಯರು ಉಟ್ಟಿರುವುದು ಅದನ್ನೇ: ಕತ್ತರಿ ಹಾಕದ ಆಯತಾಕಾರದ ಉಣ್ಣೆಬಟ್ಟೆ, ಮೇಲಂಚನ್ನು ಹೊರಕ್ಕೆ ಮಡಚಿ, ಎರಡೂ ಭುಜಕ್ಕೆ ಪಿನ್ನು, ನಡುವಿಗೊಂದು ಪಟ್ಟಿ.

ಸೀರೆಯಲ್ಲಿ ಪ್ರಯತ್ನಿಸಿದೆವು, ಆಗಲಿಲ್ಲ. ಸೀರೆಯ ಅಗಲ ಸುಮಾರು 45 ಅಂಗುಲ. ಪೆಪ್ಲೋಸ್‌ಗೆ ಭುಜದಿಂದ ಪಾದದವರೆಗಿನ ಎತ್ತರದ ಜೊತೆ ಮಡಿಕೆಗೆ ಇನ್ನೂ ಒಂದೂವರೆ ಅಡಿ ಬೇಕು. ತೆಳು ಬಟ್ಟೆಯಾದರೆ ಮೈಗಂಟುತ್ತದೆ, ಆ ಶಿಲ್ಪಗಳ ತುಂಬು ನೆರಿಗೆ ಬೀಳುವುದೇ ಇಲ್ಲ. (ರೋಮಿನ ಗೃಹಿಣಿಯರ ಸ್ಟೋಲಾ ಸೂಚಿಸಬೇಡಿ, ಅದು ಬೇರೆಯದೇ ಉಡುಪು.)

72 ಅಂಗುಲ ಅಗಲದ, ತೂಕವಿರುವ ಕೈಮಗ್ಗದ ಬಟ್ಟೆ ಎಲ್ಲಿ ಸಿಗುತ್ತದೆ? ಕುಣಿಯುವಾಗ ಭುಜದ ಪಿನ್ನು ಜಾರದಂತೆ ಯಾರಾದರೂ ಉಡಿಸಿದ್ದರೆ ದಯವಿಟ್ಟು ತಿಳಿಸಿ.