ಪದಚರ್ಚೆ: ಹಳೆಯ ಕ್ಯಾಮೆರಾದ ‘ಫಿಲ್ಮ್ ಬ್ಯಾಕ್’ಗೆ ಏನೆನ್ನೋಣ?

ಪ್ರಶ್ನೆ

ಮಾನ್ಯರೇ, ಹಳೆಯ ಕ್ಯಾಮೆರಾಗಳ ಪ್ರದರ್ಶನವೊಂದಕ್ಕೆ ಕನ್ನಡ ಫಲಕಗಳನ್ನು ಸಿದ್ಧಪಡಿಸುತ್ತಿದ್ದೇನೆ; ಶುಕ್ರವಾರ ಅವು ಅಚ್ಚಿಗೆ ಹೋಗಬೇಕು. 1957ರಲ್ಲಿ ಬಂದ ಹ್ಯಾಸಲ್‌ಬ್ಲಾಡ್ 500ಸಿ ಕ್ಯಾಮೆರಾದ ಹಿಂದೆ ಸಿಕ್ಕಿಸುವ, ‘120’ ಎಂಬ ಅಳತೆಯ ಒಂದು ಫಿಲ್ಮ್ ರೋಲನ್ನು ಒಳಗಿಟ್ಟುಕೊಂಡು 12 ಚೌಕ ಚಿತ್ರಗಳನ್ನು ಕೊಡುವ ‘ಫಿಲ್ಮ್ ಬ್ಯಾಕ್’ಗೆ ನನ್ನ ಕೈಗೆ ಬಂದ ಕರಡಿನಲ್ಲಿ ‘ಹಿಂಬದಿ ಮುಚ್ಚಳ’ ಎಂದಿದೆ. ರೋಲು ತುಂಬಲು ಹಿಂಬದಿಯನ್ನು ತೆರೆಯುವ ರೋಲಿಫ್ಲೆಕ್ಸ್‌ಗೆ ಈ ಮಾತು ಸಲ್ಲುತ್ತದೆ. ಹ್ಯಾಸಲ್‌ಬ್ಲಾಡ್‌ನಲ್ಲಾದರೋ ಅರ್ಧ ಮುಗಿದ ಕಪ್ಪುಬಿಳುಪು ರೋಲನ್ನು ಬ್ಯಾಕ್ ಸಮೇತ ಕಳಚಿಟ್ಟು, ಬಣ್ಣದ ರೋಲಿರುವ ಇನ್ನೊಂದನ್ನು ಸಿಕ್ಕಿಸಿ, ಬೇಕೆನಿಸಿದಾಗ ಮೊದಲಿನದಕ್ಕೆ ಮರಳಬಹುದು. ಕಳಚುವ ಮುನ್ನ ಫಿಲ್ಮಿಗೆ ಬೆಳಕು ತಾಕದಂತೆ ಬ್ಯಾಕಿನ ಸೀಳಿನೊಳಗೆ ತೂರಿಸುವ ‘ಡಾರ್ಕ್ ಸ್ಲೈಡ್’ ಎಂಬ ತೆಳುವಾದ ತಗಡಿಗೂ ಹೆಸರು ಬೇಕಾಗಿದೆ.

ಮೊದಲ ಉತ್ತರ

‘ಹಿಂಗೂಡು’ ಎನ್ನಿ. ‘ಚಿತ್ರಗೂಡು’, ‘ಛಾಯಾಗೂಡು’ ಎಂದು ಯಾರಾದರೂ ಸೂಚಿಸುವ ಮುನ್ನವೇ ಹೇಳಿಬಿಡುತ್ತೇನೆ: ಎರಡೂ ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಅರಿಸಮಾಸ, ಬೇಡ. ಡಾರ್ಕ್ ಸ್ಲೈಡಿಗೆ ‘ತಡೆತಗಡು’ ಸಾಕು. ‘ಸ್ಲೈಡ್’ ಎಂದೊಡನೆ ಜಾರುಬಂಡೆಯ ಕಡೆಗೆ ಓಡಬೇಕಾಗಿಲ್ಲ.

ಎರಡನೆಯ ಉತ್ತರ

‘ಹಿಂಗೂಡು’ ಎಂದರೆ ಹಿತ್ತಿಲ ಕೋಳಿಗೂಡಿನಂತೆ ಕೇಳಿಸುತ್ತದೆ. ತಯಾರಕರೇ ಅದನ್ನು ‘ಮ್ಯಾಗಝೀನ್’ ಎಂದು ಕರೆದಿರುವಾಗ ನಾವೇಕೆ ‘ಹಿಂದೆ’ ಎಂಬುದಕ್ಕೆ ಜೋತುಬೀಳಬೇಕು? ಆ ಪದದ ಮೂಲ ಉಗ್ರಾಣವೆಂಬ ಅರ್ಥದ ಅರಬ್ಬಿಯ ‘ಮಖ್ಜನ್’. ನಮ್ಮ ‘ಖಜಾನೆ’ಯೂ ಅದೇ ಧಾತುವಿನಿಂದ ಹುಟ್ಟಿದ್ದು. ಜಿಲ್ಲಾ ಖಜಾನೆ ಕನ್ನಡವೆನಿಸಿಕೊಂಡಿರುವಾಗ ‘ಫಿಲ್ಮ್ ಖಜಾನೆ’ ಏಕಾಗಬಾರದು? 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ನೆಲದ ಮೇಲೆ ಬಳಸಿದ ಹ್ಯಾಸಲ್‌ಬ್ಲಾಡನ್ನು ಅಲ್ಲಿಯೇ ಬಿಟ್ಟು, 70 ಮಿ.ಮೀ. ಫಿಲ್ಮಿದ್ದ ಮ್ಯಾಗಝೀನನ್ನು ಮಾತ್ರ ಭೂಮಿಗೆ ತಂದರು. ಬೆಲೆಯುಳ್ಳದ್ದು ಎಲ್ಲಿತ್ತೆಂಬುದು ಅವರಿಗೆ ಗೊತ್ತಿತ್ತು.

ಮೊದಲ ಉತ್ತರದವರು ಮತ್ತೆ

ಒಂದು ಪದ ಇಂಗ್ಲಿಷಿನ ಸಾಲ, ಇನ್ನೊಂದು ಅರಬ್ಬಿಯ ಸಾಲ. ‘ಫಿಲ್ಮ್ ಖಜಾನೆ’ಯಲ್ಲಿ ಕನ್ನಡವೆಲ್ಲಿದೆ ಎಂಬುದನ್ನು ತೋರಿಸಿದರೆ ಚರ್ಚಿಸೋಣ.

ಮೂರನೆಯ ಉತ್ತರ

ಇಬ್ಬರೂ ಆ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದಂತಿಲ್ಲ. ಅದರಲ್ಲಿ ಹೊರಗಿನ ಕವಚವೊಂದು, ಪಕ್ಕದಿಂದ ಎಳೆದು ತೆಗೆದು ರೋಲು ಕೂರಿಸುವ ಒಳಚೌಕಟ್ಟೊಂದು ಇರುತ್ತವೆ. ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಹೊಂದಿಸಿದ ಇವೆರಡರ ಅಂಕಿಗಳು ತಾಳೆಯಾಗುತ್ತವೆಯೇ ಎಂಬುದನ್ನೇ ಹಳೆಯ ಬ್ಯಾಕ್ ಕೊಳ್ಳುವವರು ಮೊದಲು ನೋಡುತ್ತಾರೆ. ಎಷ್ಟನೆಯ ಚಿತ್ರ ಎಂದು ಎಣಿಸುವುದೂ ಅದೇ, ಕ್ಯಾಮೆರಾ ಅಲ್ಲ. ಇಂತಹದ್ದನ್ನು ಸುಮ್ಮನೆ ಗೂಡು ಎಂದರೆ ಕವಚವನ್ನಷ್ಟೇ ಹೇಳಿದಂತಾಗುತ್ತದೆ.

‘ತಡೆತಗಡು’ ಮಾತ್ರ ಒಪ್ಪುವಂಥದ್ದು, ಏಕೆಂದರೆ ಆ ತಗಡು ಬೆಳಕನ್ನಷ್ಟೇ ಅಲ್ಲ, ನಮ್ಮ ಕೈಯನ್ನೂ ತಡೆಯುತ್ತದೆ: ಅದು ಒಳಗಿದ್ದರೆ ಕ್ಯಾಮೆರಾ ಕ್ಲಿಕ್ಕಾಗುವುದಿಲ್ಲ, ಹೊರಗಿದ್ದರೆ ಬ್ಯಾಕ್ ಕಳಚಿಕೊಳ್ಳುವುದಿಲ್ಲ. ಅದು ತೂರುವ ಸೀಳಿನ ಒಳಗಿರುವ ಫೋಮು ವರ್ಷಗಳು ಕಳೆದಂತೆ ಸೊರಗಿ, ಚಿತ್ರದ ಅಂಚಿನಲ್ಲಿ ಬೆಳಕಿನ ಗೆರೆ ಮೂಡತೊಡಗುತ್ತದೆ; ಹಳೆಯ ಬ್ಯಾಕ್‌ಗಳ ಮಾಮೂಲು ಕಾಯಿಲೆ ಇದು.

ಬಳಸುವವರ ಬಾಯಲ್ಲಿ ಅದು ‘ಬ್ಯಾಕ್’ ಆಗಿಯೇ ಉಳಿಯುತ್ತದೆ. ಆದರೆ ಮೊದಲ ಬಾರಿಗೆ ನೋಡುವ ಶಾಲೆಯ ಮಕ್ಕಳಿಗೆ ‘ರೋಲುಪೆಟ್ಟಿಗೆ’ ಎಂದರೆ ಒಳಗೇನಿದೆ ಎಂಬುದು ಕೂಡಲೇ ತಿಳಿಯುತ್ತದೆ. ರೈಲುಗಾಡಿಯನ್ನು ಒಪ್ಪಿಕೊಂಡ ಭಾಷೆಗೆ ಇದು ಭಾರವಾಗದು. ಫಲಕದಲ್ಲಿ ಹೀಗೆ ಬರೆಯಿರಿ: ‘ತಡೆತಗಡನ್ನು ಪೂರ್ತಿ ತೂರಿಸದೆ ರೋಲುಪೆಟ್ಟಿಗೆಯನ್ನು ಕಳಚಲಾಗದು.’

ಮೊದಲ ಉತ್ತರದವರು ಮತ್ತೆ

‘ರೋಲು’ ಕನ್ನಡವಲ್ಲ. ‘ಸುರುಳಿಪೆಟ್ಟಿಗೆ’ ಎಂದು ತಿದ್ದಿಕೊಳ್ಳಿ.

ಪ್ರಶ್ನೆ ಕೇಳಿದವರು

‘ಸುರುಳಿಪೆಟ್ಟಿಗೆ’ ಎಂದರೆ ಸೊಳ್ಳೆಬತ್ತಿಯ ಡಬ್ಬಿಯೆಂದುಕೊಂಡಾರು. ‘ರೋಲುಪೆಟ್ಟಿಗೆ’, ‘ತಡೆತಗಡು’ ಎರಡನ್ನೂ ಅಚ್ಚಿಗೆ ಕಳುಹಿಸುತ್ತಿದ್ದೇನೆ, ಎಲ್ಲರಿಗೂ ವಂದನೆಗಳು.