ಸುರಕ್ಷತಾ ಗುಣಾಂಕ 1.09 ಇದ್ದರೂ ಬ್ರುಮಾಡಿನ್ಯೊ ಅಣೆಕಟ್ಟು ಕುಸಿದದ್ದೇಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಎಂ.ಟೆಕ್. ವಿದ್ಯಾರ್ಥಿನಿ, ವಿಷಯ ಮಣ್ಣಿನ ಯಂತ್ರಶಾಸ್ತ್ರ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಕಬ್ಬಿಣದ ಗಣಿಯ ಟೈಲಿಂಗ್ಸ್ (ಅದಿರು ತೆಗೆದ ಮೇಲೆ ಉಳಿಯುವ ನುಣ್ಣನೆಯ ತ್ಯಾಜ್ಯ) ಅಣೆಕಟ್ಟು ಕುಸಿದು 270 ಜನ ಸತ್ತರು. ಹಿಂದಿನ ವರ್ಷದ ಪರಿಶೀಲನೆಯಲ್ಲಿ ಸುರಕ್ಷತಾ ಗುಣಾಂಕ, ಅಂದರೆ ಬೀಳಿಸುವ ಹೊರೆಗೆ ಹೋಲಿಸಿದರೆ ತಡೆಯುವ ಬಲ ಎಷ್ಟು ಪಟ್ಟು ಎಂಬ ಸಂಖ್ಯೆ, 1.09 ಇತ್ತಂತೆ. ಒಂದಕ್ಕಿಂತ ಹೆಚ್ಚಿದ್ದ ಮೇಲೆ ಕುಸಿದದ್ದು ಹೇಗೆ? ಫೈನೈಟ್ ಎಲಿಮೆಂಟ್ ಮಾದರಿ (ಕಟ್ಟೆಯನ್ನು ಸಣ್ಣ ಕಣಗಳ ಜಾಲವಾಗಿಸಿ ಗಣಕದಲ್ಲಿ ಲೆಕ್ಕ ಹಾಕುವುದು) ಮಾಡಿದ್ದರೆ ಮೊದಲೇ ತಿಳಿಯುತ್ತಿತ್ತೇ?

ಉತ್ತರ: ಆ 1.09 ಬಂದದ್ದು ಗರಿಷ್ಠ ಬಲವನ್ನು, ಅಂದರೆ ಟೈಲಿಂಗ್ಸ್ ಒಡೆಯುವ ಮುನ್ನ ತಾಳಬಲ್ಲ ಅತಿ ಹೆಚ್ಚಿನ ಬಲವನ್ನು ಹಿಡಿದು. ಎಡವಟ್ಟು ಇರುವುದೇ ಅಲ್ಲಿ. ಸಡಿಲವಾಗಿ ಕುಳಿತು ನೀರು ಕುಡಿದ ಟೈಲಿಂಗ್ಸ್ ಗರಿಷ್ಠ ಬಲ ದಾಟಿದೊಡನೆ ಕುಗ್ಗಲು ನೋಡುತ್ತದೆ. ನೀರಿಗೆ ಹೊರಹೋಗಲು ಸಮಯವಿಲ್ಲ, ಒಳಗಿನ ಒತ್ತಡ ಏರುತ್ತದೆ, ಬಲದ ಬಹುಪಾಲು ಕರಗುತ್ತದೆ. ಇದೇ ಸ್ಥಿರ ದ್ರವೀಕರಣ: ಭೂಕಂಪದಂತಹ ಅಲುಗಾಟವಿಲ್ಲದೆಯೇ ದ್ರವದಂತಾಗುವುದು. ಹೋಳುಗಳಾಗಿ ಕತ್ತರಿಸಿ ಲೆಕ್ಕ ಹಾಕುವ ಸಮತೋಲನ ವಿಧಾನಕ್ಕೆ ಬಲದ ಈ ಕುಸಿತ ಕಾಣಿಸುವುದೇ ಇಲ್ಲ. ಕರಗಿದ ಮೇಲೆ ಉಳಿಯುವ ಉಳಿಕೆ ಬಲ ಹಾಕಿ ನೋಡಿ, ಗುಣಾಂಕ ಒಂದಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ.

86 ಮೀಟರ್ ಎತ್ತರದ ಆ ಕಟ್ಟೆಯನ್ನು 1976ರಿಂದ ಹಂತಹಂತವಾಗಿ, ಹಳೆಯ ಟೈಲಿಂಗ್ಸ್ ಮೇಲೆಯೇ ಏರಿಸುತ್ತಾ ಬಂದಿದ್ದರು. 2016ರಲ್ಲೇ ತುಂಬುವುದನ್ನು ನಿಲ್ಲಿಸಿದ್ದರು. ಕುಸಿತಕ್ಕೆ ಮುನ್ನ ರಾಡಾರ್‌ಗೂ ಎಚ್ಚರಿಕೆ ಎನ್ನುವಂತಹ ಚಲನೆ ಸಿಗಲಿಲ್ಲ. ಕ್ಯಾಮೆರಾದಲ್ಲಿ ಸೆರೆಯಾದ ದೃಶ್ಯದಲ್ಲಿ ಶಿಖರ ಕುಸಿಯುತ್ತದೆ, ಇಳಿಜಾರು ಉಬ್ಬುತ್ತದೆ, ಹತ್ತು ಸೆಕೆಂಡಿನೊಳಗೆ ಇಡೀ ಮುಖ ಒಡೆದುಹೋಗುತ್ತದೆ.

ಫೈನೈಟ್ ಎಲಿಮೆಂಟ್ ಎಂದ ಮಾತ್ರಕ್ಕೆ ಪಾರಾಗುವುದಿಲ್ಲ. ಅದರೊಳಗೂ ಮಣ್ಣಿನ ಬಲಕ್ಕೆ ರೂಢಿಯಲ್ಲಿರುವ ಸರಳ ಮೊಹ್ರ್-ಕೂಲಂಬ್ ಮಾದರಿಯನ್ನೇ ಬದಲಾಗದ ಬಲದೊಡನೆ ಹಾಕಿದರೆ ಅದೇ ಹಳೆಯ ಉತ್ತರ, ಬಣ್ಣಬಣ್ಣದ ಚಿತ್ರದೊಡನೆ. ನಾರ್‌ಸ್ಯಾಂಡ್‌ನಂತಹ, ಬಲ ಕುಗ್ಗುವುದನ್ನು ತೋರಿಸುವ ಮಾದರಿ ಬೇಕು. ಮಾದರಿಯಲ್ಲೂ ಕಟ್ಟೆಯನ್ನು ಕಟ್ಟಿದ ಕ್ರಮದಲ್ಲೇ ಏರಿಸಬೇಕು, ನೀರಿನ ಹರಿವನ್ನೂ ಜೋಡಿಸಬೇಕು.

ಪ್ರಶ್ನೆ: ಹಾಗಾದರೆ ಕುಸಿತವನ್ನು ಪ್ರಚೋದಿಸಿದ್ದು ಯಾವುದು ಸರ್?

ಉತ್ತರ: ಮಾದರಿಗಳೇ ಜಗಳವಾಡುತ್ತವೆ. 2019ರ ತಜ್ಞರ ಸಮಿತಿ ಹೇಳಿದ್ದು: ಹೊರೆ ಬದಲಾಗದಿದ್ದರೂ ಒಳಗೆ ನಿಧಾನವಾಗಿ ನಡೆಯುವ ಸರಿತ, ಜೊತೆಗೆ ಮಳೆನೀರು ಇಳಿದು ಮೇಲಿನ ಒಣಪದರ ತನ್ನ ಹೀರುಬಲವನ್ನು (ಕಣಗಳ ನಡುವಿನ ಅಲ್ಪ ತೇವ ಅವನ್ನು ಹಿಡಿದಿಡುವ ಬಲ) ಕಳೆದುಕೊಂಡದ್ದು. ಆ ಹೊತ್ತಿನಲ್ಲಿ ಕಟ್ಟೆಯ ಮೇಲೆ ರಂಧ್ರ ಕೊರೆಯುತ್ತಿದ್ದರು. ಬಾರ್ಸಿಲೋನಾದ ಸಂಶೋಧಕರು ಕೈ ತೋರಿಸಿದ್ದು ಆ ಕೊರೆತದತ್ತ. ನನಗೆ ಈ ವಾದಕ್ಕಿಂತ ಮುಖ್ಯವೆನಿಸುವುದು ಬೇರೆ: ಇಷ್ಟು ಸಣ್ಣ ಕಾರಣಕ್ಕೆ ಬೀಳುವಷ್ಟು ಭಂಗುರವಾದ ಕಟ್ಟೆಯಲ್ಲಿ ಪ್ರಚೋದಕ ಬಂದೇ ಬರುತ್ತದೆ ಎಂದುಕೊಂಡು ವಿನ್ಯಾಸ ಮಾಡಬೇಕು.

ನಿಮ್ಮ ಪ್ರಬಂಧಕ್ಕೆ ಒಂದು ಮಾತು: ಬಲ ಕುಗ್ಗುವ ಮಾದರಿಯಲ್ಲಿ ಜಾಲದ ಕಣಗಳ ಗಾತ್ರ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಬೇರೆ ಬೇರೆ ಗಾತ್ರಗಳಲ್ಲಿ ಓಡಿಸಿ ತೋರಿಸಿ, ಇಲ್ಲದಿದ್ದರೆ ಪರೀಕ್ಷಕರು ಮೊದಲು ಕೇಳುವುದೇ ಅದನ್ನು.